ಮೆಡಿಕಲ್ ಶಾಪ್ ಸಿರಿಂಜ್ ಮುಂದೆ ಸೋತ ವ್ಯಾಕ್ಯೂಮ್ ಗನ್: ಮನೇಲೇ ಕ್ಲಚ್ ಬ್ಲೀಡಿಂಗ್ ಮಾಡೋರಿಗೆ ಒಂದು ರಿವ್ಯೂ

ಹೈಡ್ರಾಲಿಕ್ ಕ್ಲಚ್ಚಿಂದ (ಬ್ರೇಕ್ ಫ್ಲೂಯಿಡ್ ಒತ್ತಡದಲ್ಲಿ ಕೆಲಸ ಮಾಡೋ ಕ್ಲಚ್ಚು) ಗಾಳಿ ತೆಗೆಯೋಕೆ, ಅಂದ್ರೆ ಬ್ಲೀಡಿಂಗಿಗೆ ಅಂತ ಆನ್‌ಲೈನಲ್ಲಿ ಸಿಗೋ ವ್ಯಾಕ್ಯೂಮ್ ಗನ್ ಕಿಟ್ಟು ಒಂದು ಕಡೆ, ಅದೇ ಕೆಲಸಕ್ಕೆ ಮೆಡಿಕಲ್ ಶಾಪು ಹಾರ್ಡ್‌ವೇರ್ ಅಂಗಡಿ ಸುತ್ತಿ ಮನೇಲೇ ಜೋಡಿಸಿದ ಕಿಟ್ಟು ಇನ್ನೊಂದು ಕಡೆ, ಎರಡನ್ನೂ ಒಂದೇ ಗಾಡಿ ಮೇಲೆ ಬಳಸಿ ನೋಡಿದ್ದೀನಿ, ಅದಕ್ಕೆ ಈ ರಿವ್ಯೂ. ಪೂರ್ತಿ ಓದೋಕೆ ಟೈಮಿಲ್ಲ ಅನ್ನೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಗನ್ನಿಗೆ ಐದಕ್ಕೆ ಎರಡು ಸ್ಟಾರು, ಸಿರಿಂಜಿಗೆ ನಾಲ್ಕೂವರೆ. ಗನ್ನಿನ ಬ್ರ್ಯಾಂಡ್ ಹೆಸರು ಹಾಕಲ್ಲ, ಯಾಕಂದ್ರೆ ಒಂದೇ ತರದ ಮಾಲು ನಾಲ್ಕಾರು ಹೆಸರಲ್ಲಿ ಬರುತ್ತೆ, ಸ್ಟಿಕ್ಕರ್ ಬೇರೆ ಪೆಟ್ಟಿಗೆ ಬಣ್ಣ ಬೇರೆ, ಒಳಗಿನ ಸಾಮಾನು ನೋಡಿದ್ರೆ ಅಣ್ಣತಮ್ಮಂದಿರೇ.

ಗಾಡಿ ಯಾವ್ದು ಅಂದ್ರೆ 2004ರ ಟೊಯೋಟಾ ಕ್ವಾಲಿಸ್. ಕ್ವಾಲಿಸ್ 2000ದಲ್ಲಿ ಬಂತು, 2005ಕ್ಕೆ ನಿಂತೂ ಹೋಯ್ತು, ಆದ್ರೆ ನಮ್ಮ ಚಿಕ್ಕಮಗಳೂರು ಕಡೆ ತೋಟಗಳಲ್ಲಿ ಇನ್ನೂ ಓಡ್ತಾನೇ ಇದಾವೆ, ಆಳುಗಳನ್ನ, ಗೊಬ್ಬರಾನ, ಮೆಣಸಿನ ಮೂಟೆನ ಎಲ್ಲಾ ಹೊತ್ಕೊಂಡು. ಈ ಕೆಲಸಕ್ಕೆ ಈ ಗಾಡೀದು ಒಂದು ಅನುಕೂಲ ಇದೆ, ಸ್ಲೇವ್ ಸಿಲಿಂಡರು (ಫ್ಲೂಯಿಡ್ ಒತ್ತಡದಿಂದ ಕ್ಲಚ್ಚನ್ನ ತಳ್ಳೋ ಕೆಳಗಿನ ಸಿಲಿಂಡರು) ಗೇರ್‌ಬಾಕ್ಸ್ ಹೊರಗಡೇನೇ ಬೋಲ್ಟ್ ಆಗಿ ಕೂತಿರುತ್ತೆ, ಅಡಿಗೆ ನುಗ್ಗಿದ್ರೆ ಕೈಗೆ ಸಿಗುತ್ತೆ, ಗಾಡಿ ಎತ್ತರ ಇರೋದ್ರಿಂದ ಜಾಕ್ ಹಾಕೋ ಕೆಲ್ಸಾನೂ ಇಲ್ಲ. ಸಮತಟ್ಟಾದ ಜಾಗದಲ್ಲಿ ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಒಂದು ಗೋಣಿಚೀಲ ಹಾಸ್ಕೊಂಡ್ರೆ ಆಯ್ತು. ಎಲ್ಲಾ ಗಾಡೀಲೂ ಹಿಂಗಿರಲ್ಲ, ಅದನ್ನ ಕೆಳಗೆ ಹೇಳ್ತೀನಿ.

ನಮ್ಮ ಗಾಡೀಲಿ ಆಗಿದ್ದೇನು ಅಂದ್ರೆ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟ್ ಅಡಿ ಒದ್ದೆ ಆಗಿತ್ತು, ರಿವರ್ಸ್ ಹಾಕೋವಾಗ ಕರ್ರ್ ಅನ್ನೋದು, ಪೆಡಲ್ಲು ಮೆತ್ತಗಾಗಿ ಪಾತಾಳಕ್ಕೆ ಹೋಗೋದು, ಎರಡ್ಮೂರು ಸಲ ಪಂಪ್ ಹೊಡೆದ್ರೆ ಗೇರ್ ಸಲೀಸಾಗಿ ಬೀಳೋದು. ಈ ಪಂಪ್ ಹೊಡೆದ್ರೆ ಸರಿಹೋಗೋದೇ ಗುರುತು, ಒಳಗೆ ಗಾಳಿ ಸೇರಿದೆ ಅಂತ. ದ್ರವಾನ ಒತ್ತಿದ್ರೆ ಕುಗ್ಗಲ್ಲ, ನೀವು ಪೆಡಲ್ ಮೇಲೆ ಹಾಕಿದ ಬಲ ಹಂಗೇ ಕೆಳಗಿನ ಪಿಸ್ಟನ್ನಿಗೆ ಹೋಗುತ್ತೆ, ಗಾಳಿ ಮಾತ್ರ ಕುಗ್ಗುತ್ತೆ, ಆಗ ನೀವು ಪೆಡಲ್ ಒತ್ತಿದ್ದರಲ್ಲಿ ಒಂದಷ್ಟು ಗಾಳಿ ಕುಗ್ಗಿಸೋದರಲ್ಲೇ ಖರ್ಚಾಗಿ ಕ್ಲಚ್ ಪೂರ್ತಿ ಬಿಡಲ್ಲ. ಪೆಡಲ್ ಒತ್ತಿ ಹಿಡ್ಕೊಂಡಿರೋವಾಗ ತಾನಾಗೇ ಮೆಲ್ಲಗೆ ಕೆಳಗೆ ಜಾರ್ತಾ ಹೋದ್ರೆ ಅದು ಬೇರೆ ಕಾಯಿಲೆ, ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತೋ ಮೇಲಿನ ಸಿಲಿಂಡರು) ಒಳಗಿನ ಸೀಲ್ ಹೋಗಿದೆ ಅಂತ, ಅದಕ್ಕೆ ಎಷ್ಟು ಬ್ಲೀಡ್ ಮಾಡಿದ್ರೂ ನೀರಲ್ಲಿ ಹೋಮ. ಪೆಡಲ್ ಹತ್ರ ಮ್ಯಾಟ್ ಎತ್ತಿ ನೋಡಿ, ಪುಶ್‌ರಾಡ್ (ಪೆಡಲ್ಲಿಂದ ಮಾಸ್ಟರಿಗೆ ಹೋಗೋ ಕಡ್ಡಿ) ಉದ್ದಕ್ಕೂ ಫ್ಲೂಯಿಡ್ ಇಳಿದು ಜಿಡ್ಡಾಗಿದ್ರೆ ಮಾಸ್ಟರ್ ಸೋರ್ತಿದೆ. ನಾನು ಸ್ಲೇವಿಗೆ ಸೀಲ್ ಕಿಟ್ ಹಾಕಿದ ಮೇಲೇನೇ ಬ್ಲೀಡಿಂಗಿಗೆ ಇಳಿದಿದ್ದು. ಸೋರೋದನ್ನ ಹಂಗೇ ಬಿಟ್ಟು ಗಾಳಿ ತೆಗೆದು ಖುಷಿಪಟ್ರೆ ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಗೋಳು.

ಮೊದಲು ಗನ್ ವಿಷಯ ಮುಗಿಸ್ತೀನಿ. ನೋಡೋಕೆ ಜೋರಾಗಿದೆ ಮಾರಾಯ್ರೆ, ಪ್ಲಾಸ್ಟಿಕ್ ಪೆಟ್ಟಿಗೆ, ಮೀಟರು, ಫ್ಲೂಯಿಡ್ ಬೀಳೋಕೆ ಪುಟ್ಟ ಕಪ್, ನಾಲ್ಕೈದು ಸೈಜಿನ ರಬ್ಬರ್ ಅಡಾಪ್ಟರು. ಟ್ಯೂಬನ್ನ ನಿಪ್ಪಲ್ಲಿಗೆ (ಸ್ಲೇವ್ ಮೇಲೆ ಗಾಳಿ ಬಿಡೋಕಿರೋ ತೂತಿನ ಸ್ಕ್ರೂ) ಸಿಕ್ಕಿಸಿ, ಹ್ಯಾಂಡಲ್ ಒತ್ತಿ ಒತ್ತಿ ಮೀಟರಲ್ಲಿ ಮುಳ್ಳು ಏರಿಸಿ, ಆಮೇಲೆ ನಿಪ್ಪಲ್ ಸಡಿಲ ಮಾಡಿದ್ರೆ ಫ್ಲೂಯಿಡ್ಡು ಎಳ್ಕೊಂಡು ಬರುತ್ತೆ, ಅದ್ರ ಜೊತೆ ಗುಳ್ಳೆ ಬರುತ್ತೆ, ಬರ್ತಾನೇ ಇರುತ್ತೆ, ನಿಲ್ಲೋದೇ ಇಲ್ಲ. ಡಬ್ಬಿ ಮೇಲೆ ಡಬ್ಬಿ ಫ್ಲೂಯಿಡ್ ಸುರಿದ್ರೂ ಗುಳ್ಳೆ ನಿಲ್ಲಲ್ಲ, ನೋಡೋರಿಗೆ ಸಿಸ್ಟಮ್ಮಲ್ಲಿ ಗಾಳಿ ಎಷ್ಟೊಂದಿದೆ ಅನ್ಸುತ್ತೆ. ಅದು ಒಳಗಿನ ಗಾಳಿ ಅಲ್ಲ, ನಿಪ್ಪಲ್ ಸಡಿಲ ಮಾಡಿದಾಗ ಅದ್ರ ಥ್ರೆಡ್ ಸಂದೀಲಿ ಹೊರಗಿನ ಗಾಳಿ ಒಳಗೆ ನುಗ್ಗುತ್ತೆ, ವ್ಯಾಕ್ಯೂಮ್‌ಗೆ ದಪ್ಪ ಫ್ಲೂಯಿಡ್ ಎಳೆಯೋದಕ್ಕಿಂತ ಪಕ್ಕದ ಗಾಳಿ ಎಳೆಯೋದು ಸುಲಭ ಅಲ್ವಾ. ಕೆಲಸ ಮುಗೀತೋ ಇಲ್ವೋ ಅಂತ ಗುಳ್ಳೆ ನೋಡಿ ತಾನೇ ಗೊತ್ತಾಗ್ಬೇಕು, ಆ ಗುಳ್ಳೆನೇ ಸುಳ್ಳು ಹೇಳಿದ್ರೆ ಮೀಟರ್ ಇಟ್ಕೊಂಡು ಏನು ಮಾಡೋದು. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿದ್ರೆ ಅಥವಾ ನಿಪ್ಪಲ್ ಬುಡಕ್ಕೆ ಸಿಲಿಕೋನ್ ಗ್ರೀಸ್ ಬಳಿದ್ರೆ ಗುಳ್ಳೆ ಕಮ್ಮಿ ಆಗುತ್ತೆ ನಿಜ, ಟೇಪ್ ಸುತ್ತೋದಾದ್ರೆ ಥ್ರೆಡ್ಡಿಗೆ ಮಾತ್ರ, ತುದಿಯ ಕೋನ್ ಹತ್ರಕ್ಕೂ ರಂಧ್ರದ ಹತ್ರಕ್ಕೂ ಬರಬಾರದು. ಆದ್ರೆ ಇಷ್ಟೆಲ್ಲಾ ಸರ್ಕಸ್ ಮಾಡೋದಾದ್ರೆ ದುಡ್ಡು ಕೊಟ್ಟು ತಗೊಂಡಿದ್ದು ಯಾಕೆ. ಜೊತೆಗೆ ಆ ಕಪ್ ಚಿಕ್ಕದು, ಬೇಗ ತುಂಬುತ್ತೆ, ತುಂಬಿದ್ದು ಗೊತ್ತಾಗದೆ ಒತ್ತಿದ್ರೆ ಫ್ಲೂಯಿಡ್ಡು ಪಂಪಿನ ಒಳಗೇ ಹೋಗುತ್ತೆ, ಆಮೇಲೆ ಗನ್ನಿನ ಕಥೆ ಮುಗೀತು. ನನ್ನದರಲ್ಲಿ ಬಂದಿದ್ದ ಟ್ಯೂಬು ಬೇರೆ ಗಟ್ಟಿ, ಬಾಗಿಸಿದ ಕಡೆ ಮಡಚ್ಕೊಂಡು ದಾರಿ ಮುಚ್ಚಿಹೋಗೋದು.

ಎರಡು ಸ್ಟಾರ್ ಕೊಟ್ಟಿದ್ದು ಯಾಕೆ ಅಂದ್ರೆ ರಿಸರ್ವಾಯರ್‌ನಲ್ಲಿರೋ (ಬಾನೆಟ್ ಒಳಗಿನ ಫ್ಲೂಯಿಡ್ ಡಬ್ಬಿ) ಹಳೇ ಫ್ಲೂಯಿಡ್ ಎಳೆದು ಖಾಲಿ ಮಾಡೋಕೆ ಚೆನ್ನಾಗಿದೆ. ಅಷ್ಟೇ.

ಈಗ ಮನೆ ಕಿಟ್ಟು. ಇದರಲ್ಲಿ ಮುಖ್ಯವಾದ ಸಾಮಾನು ಸಿರಿಂಜು, ಅದನ್ನ ಕೇಳೋದರಲ್ಲೇ ಇರೋದು ವಿಷಯ. ಮೆಡಿಕಲ್ಲಿಗೆ ಹೋಗಿ ದೊಡ್ಡ ಸಿರಿಂಜ್ ಕೊಡಿ ಅಂದ್ರೆ 10 ಎಂಎಲ್ 20 ಎಂಎಲ್ ತೆಗೆದು ಕೊಡ್ತಾರೆ, ಅದರ ಮೂತಿ ಸಣ್ಣ, ಸೂಜಿ ಹಾಕೋಕೆ ಇರೋದು, ನಮ್ಮ ಟ್ಯೂಬ್ ಅದರ ಮೇಲೆ ನಿಲ್ಲಲ್ಲ. ಮೂಗಲ್ಲಿ ರೈಲ್ಸ್ ಟ್ಯೂಬ್ ಹಾಕಿರೋ ಪೇಷಂಟಿಗೆ ಗಂಜಿ ಕೊಡೋ ಸಿರಿಂಜ್ ಕೊಡಿ, 50 ಎಂಎಲ್‌ದು, ಅಂತ ಕೇಳಿ. ಅದರ ಮೂತಿ ಉದ್ದಕ್ಕೆ ಬುಡದಲ್ಲಿ ದಪ್ಪ ತುದೀಲಿ ಸಣ್ಣ ಇರುತ್ತೆ, ಕ್ಯಾತಿಟರ್ ಟಿಪ್ ಅಂತಾರೆ, ಟ್ಯೂಬ್ ಅದರ ಮೇಲೆ ತಿರುಗಿಸಿ ಒತ್ತಿದ್ರೆ ಕಚ್ಚಿ ಹಿಡ್ಕೊಳುತ್ತೆ, ಕ್ಲಿಪ್ಪೂ ಬೇಡ. ಎಂಜಿ ರೋಡಲ್ಲಿ ಮೊದಲು ಕೇಳಿದ ಅಂಗಡೀಲೇ ಸಿಕ್ತು, ಐವತ್ತು ರೂಪಾಯಿ ಒಳಗೆ. ಯಾರಿಗೆ ಹುಷಾರಿಲ್ಲ ಅಂತ ವಿಚಾರಿಸಿದ್ರು, ಗಾಡಿಗೆ ಅಂದೆ, ಅವರೂ ತಲೆ ಕೆಡಿಸ್ಕೊಳ್ಳಲಿಲ್ಲ. ಎರಡು ತಗೊಳ್ಳಿ. ಬ್ರೇಕ್ ಫ್ಲೂಯಿಡ್ ತಾಗ್ತಾ ತಾಗ್ತಾ ಒಳಗಿನ ರಬ್ಬರ್ ಬಿರಡೆಯ ಜಾರು ಹೋಗಿ ಒತ್ತೋಕೆ ಬಿಗಿ ಆಗುತ್ತೆ, ಬಿಗಿಯಾದ ಸಿರಿಂಜಲ್ಲಿ ಮೆಲ್ಲಗೆ ಒತ್ತೋಕೆ ಆಗಲ್ಲ, ಜರ್ಕ್ ಹೊಡೆಯುತ್ತೆ. ಅರ್ಧ ಸ್ಟಾರ್ ಕಟ್ ಮಾಡಿದ್ದು ಇದಕ್ಕೇ.

ಟ್ಯೂಬಿಗೆ ಎರಡು ದಾರಿ. ಗಾರೆ ಕೆಲಸದೋರು ನೀರು ತುಂಬಿ ಮಟ್ಟ ನೋಡ್ತಾರಲ್ಲ, ಆ ಲೆವೆಲ್ ಪೈಪು, ಹಾರ್ಡ್‌ವೇರ್ ಅಂಗಡೀಲಿ ಅಡಿ ಲೆಕ್ಕದಲ್ಲಿ ಕೊಡ್ತಾರೆ. ಇಲ್ಲಾಂದ್ರೆ ಮೀನಿನ ತೊಟ್ಟಿಗೆ ಗಾಳಿ ಬಿಡೋ ಟ್ಯೂಬು. ಲೆವೆಲ್ ಪೈಪಲ್ಲಿ ಸಾಮಾನ್ಯವಾಗಿ ಸಿಗೋ ಸೈಜು ನಿಪ್ಪಲ್ಲಿಗೆ ಲೂಸಾಗುತ್ತೆ, ಕೇಬಲ್ ಟೈ ಹಾಕ್ಬೇಕು, ಹಾಕಿದ್ರೂ ಸಂದೀಲಿ ಜಿನುಗುತ್ತೆ. ಒಳಗಿನ ಅಳತೆ 5 ಎಂಎಂ ಇರೋದು ಸಿಕ್ರೆ ಬಿಡಬೇಡಿ, ಅದೇ ಸರಿಯಾದ್ದು. ಮೀನಿನ ತೊಟ್ಟಿ ಟ್ಯೂಬು 4 ಎಂಎಂ, ತಣ್ಣಗಿರೋವಾಗ ಏರಲ್ಲ, ತುದೀನ ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ ಕೂಡಲೇ ನಿಪ್ಪಲ್ ಮೇಲೆ ತಳ್ಳಿದ್ರೆ ಏರಿ ಕೂರುತ್ತೆ, ತಣ್ಣಗಾದ ಮೇಲೆ ಅದನ್ನ ಕಿತ್ತು ತೆಗೆಯೋದೇ ಕಷ್ಟ, ಅಷ್ಟು ಬಿಗಿ. ನನಗೆ ಇದೇ ಇಷ್ಟ ಆಯ್ತು. ಯಾವ್ದೇ ತಗೊಂಡ್ರೂ ಪಾರದರ್ಶಕ ಇರ್ಬೇಕು, ಗುಳ್ಳೆ ಕಾಣಲಿಲ್ಲ ಅಂದ್ರೆ ಕಣ್ಣು ಕಟ್ಟಿ ಕೆಲಸ ಮಾಡಿದ ಲೆಕ್ಕ. ಕೆಲಸ ಆದ್ಮೇಲೆ ಇಟ್ಕೋಬೇಡಿ, ಪಿವಿಸಿ ಟ್ಯೂಬು ಬ್ರೇಕ್ ಫ್ಲೂಯಿಡ್ ಕುಡಿದು ಸ್ವಲ್ಪ ದಿನಕ್ಕೆ ಹಳದಿಯಾಗಿ ಕಡ್ಡಿ ಆಗುತ್ತೆ, ಎರಡಡಿ ಟ್ಯೂಬಿಗೆ ಎಷ್ಟು ಮಹಾ ದುಡ್ಡು. ಡ್ರಿಪ್ ಸೆಟ್ಟಿನ ಟ್ಯೂಬ್ ಆಗುತ್ತಾ ಅಂತ ಕೇಳೋರಿಗೆ, ಆಗಲ್ಲ, ತೀರಾ ಸಣ್ಣ.

ಬಾಟ್ಲಿ ಅಂದ್ರೆ ಅರ್ಧ ಲೀಟರ್ ನೀರಿನ ಬಾಟ್ಲಿ. ಮುಚ್ಚಳಕ್ಕೆ ಕಾದ ಮೊಳೆಯಲ್ಲಿ ಎರಡು ತೂತು, ಒಂದು ಟ್ಯೂಬಿಗೆ, ಇನ್ನೊಂದು ಗಾಳಿ ಹೋಗೋಕೆ. ಟ್ಯೂಬಿನ ತುದಿ ಬಾಟ್ಲಿ ತಳ ಮುಟ್ಟಿರ್ಬೇಕು, ತಳದಲ್ಲಿ ಒಂದೆರಡು ಇಂಚು ಫ್ಲೂಯಿಡ್ ಮೊದಲೇ ಹಾಕಿರ್ಬೇಕು, ಆಗ ಪೆಡಲ್ ವಾಪಸ್ ಬರೋವಾಗ ಎಳ್ಕೊಂಡ್ರೂ ಫ್ಲೂಯಿಡ್ಡೇ ಎಳ್ಕೊಳುತ್ತೆ, ಗಾಳಿ ಅಲ್ಲ. ಇನ್ನೊಂದು, ಬಾಟ್ಲೀನ ನೆಲದ ಮೇಲೆ ಇಡಬೇಡಿ, ನಿಪ್ಪಲ್ಲಿಗಿಂತ ಎತ್ತರದಲ್ಲಿ ನೇತಾಕಿ. ನಾನು ಮೆಣಸಿನ ಬಳ್ಳಿ ಕಟ್ಟೋ ದಾರದಲ್ಲಿ ಚಾಸಿಗೆ ಕಟ್ಟಿದ್ದೆ. ಟ್ಯೂಬು ನಿಪ್ಪಲ್ಲಿಂದ ನೇರ ಮೇಲಕ್ಕೆ ಹೋಗ್ಬೇಕು, ಹೊರಗೆ ಬಂದ ಗುಳ್ಳೆ ಮೇಲಕ್ಕೇ ಏರಿ ಹೋಗುತ್ತೆ, ವಾಪಸ್ ನಿಪ್ಪಲ್ ಕಡೆ ಬರಲ್ಲ. ಮೊಬೈಲ್ ಟಾರ್ಚ್ ಹಿಡಿದು ನೋಡಿದ್ರೆ ಟ್ಯೂಬಲ್ಲಿ ಎಲ್ಲಾ ಕಾಣ್ಸುತ್ತೆ, ಮೊದಲು ಬಂದಿದ್ದು ಕಪ್ಪು ಕೊಳೆ, ಅದರ ಹಿಂದೆ ರಬ್ಬರಿನ ಪುಡಿ ತರದ ಕಣಗಳು, ಆಮೇಲೆ ದೊಡ್ಡ ಗುಳ್ಳೆ, ಕೊನೇಲಿ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ಸಾಲಾಗಿ, ಅದಾದ್ಮೇಲೆ ತಿಳಿ ಫ್ಲೂಯಿಡ್ಡು.

ಒಬ್ಬರೇ ಮಾಡೋದಾದ್ರೆ ಪೆಡಲ್ ಒತ್ತಿ ಹಿಡಿಯೋಕೆ ಒಂದು ಕೋಲು ಬೇಕು. ಸಿಲ್ವರ್ ಓಕ್ ಕೊಂಬೆ ಪೆಡಲ್ಲಿಗೂ ಸೀಟಿನ ಕಬ್ಬಿಣಕ್ಕೂ ಮಧ್ಯ ಕೂರೋ ಅಳತೆಗೆ ಕತ್ತರಿಸಿ, ಒಂದು ತುದೀಲಿ ಕವೆ ಬಿಟ್ಕೊಂಡ್ರೆ ಪೆಡಲ್ಲಿಂದ ಜಾರಲ್ಲ. ಒತ್ತಿ, ಕೋಲು ಸಿಕ್ಕಿಸಿ, ಕೆಳಗೆ ಹೋಗಿ ನಿಪ್ಪಲ್ ಅರ್ಧ ಸುತ್ತು ಬಿಟ್ಟು, ಮುಚ್ಚಿ, ಮೇಲೆ ಬಂದು, ಕೋಲು ತೆಗೆದು, ಪೆಡಲ್ಲನ್ನ ಕೈಯಲ್ಲಿ ಮೇಲಕ್ಕೆತ್ತಿ, ಯಾಕಂದ್ರೆ ಒಳಗೆ ಒತ್ತಡ ಇಲ್ಲದಾಗ ಅದು ತಾನಾಗೇ ವಾಪಸ್ ಬರದೇ ಇರ್ಬಹುದು. ನಿಧಾನ, ಆದ್ರೆ ನಡೆಯುತ್ತೆ. ಹಳೇ ಕೊಳೆ ಹೊರಗೆ ಹಾಕೋಕೆ ಈ ವಿಧಾನ ಸಾಕು. ಒಳಗೆ ಸಿಕ್ಕಿಹಾಕಿಕೊಂಡಿರೋ ಗಾಳಿಗೆ ಸಾಕಾಗಲ್ಲ, ಇಲ್ಲೇ ಸಿರಿಂಜಿನ ಬೆಲೆ ಗೊತ್ತಾಗೋದು.

ಯಾಕೆ ಸಾಕಾಗಲ್ಲ ಅಂದ್ರೆ, ಬ್ರೇಕಿಗೂ ಕ್ಲಚ್ಚಿಗೂ ಫ್ಲೂಯಿಡ್ ಒಂದೇ ಆದ್ರೂ ಗಾಳಿ ತೆಗೆಯೋ ವಿಷಯದಲ್ಲಿ ಕ್ಲಚ್ ಸ್ವಲ್ಪ ಹಠಮಾರಿ. ಮಾಸ್ಟರ್ ಸಿಲಿಂಡರ್ ಮೇಲೆ, ಸ್ಲೇವ್ ತೀರಾ ಕೆಳಗೆ, ಮಧ್ಯ ಒಂದು ಉದ್ದ ಲೈನು, ಅದೂ ಅಲ್ಲಲ್ಲಿ ಗೂನು ಬಾಗಿಸಿರೋದು. ಪೆಡಲ್ ಒಂದು ಸಲ ಪೂರ್ತಿ ಒತ್ತಿದ್ರೆ ಮಾಸ್ಟರ್ ತಳ್ಳೋದು ಕೆಲವೇ ಎಂಎಲ್. ಅಷ್ಟಕ್ಕೆ ಲೈನಲ್ಲಿರೋ ಗುಳ್ಳೆ ಒಂದಿಷ್ಟು ಕೆಳಗೆ ಇಳಿಯುತ್ತೆ, ನೀವು ನಿಪ್ಪಲ್ ಮುಚ್ಚಿ ಮೇಲೆ ಹೋಗಿ ಪೆಡಲ್ ಬಿಡೋ ಹೊತ್ತಿಗೆ ಗುಳ್ಳೆ ತನ್ನ ಸ್ವಭಾವಕ್ಕೆ ಮತ್ತೆ ಮೇಲೇರಿ ಗೂನಲ್ಲಿ ಕೂತಿರುತ್ತೆ. ನೀವು ತಳ್ಳೋದು ಕೆಳಗೆ, ಗಾಳಿ ಹೋಗ್ಬೇಕು ಅನ್ನೋದು ಮೇಲೆ. ಹಂಗಾಗಿ ಫ್ಲೂಯಿಡ್‌ನೇ ಕೆಳಗಿಂದ ಮೇಲಕ್ಕೆ ತಳ್ಳಿದ್ರೆ ಗಾಳಿ ತಾನು ಹೋಗೋ ದಾರೀಲೇ ಹೋಗುತ್ತೆ, ಇದಕ್ಕೇ ರಿವರ್ಸ್ ಬ್ಲೀಡಿಂಗ್ ಅಂತಾರೆ, ಗಂಜಿ ಸಿರಿಂಜ್ ಇದಕ್ಕಂತಲೇ ಮಾಡಿದ ಹಂಗಿದೆ.

ನಾನು ಮಾಡಿದ್ದು ಹಿಂಗೆ. ಮೊದಲು ಮೇಲಿಂದ ಕೆಳಕ್ಕೆ ಹಳೇ ಫ್ಲೂಯಿಡ್ ಎಲ್ಲಾ ಹೊರಗೆ ಹಾಕಿ ತಿಳಿ ಬರೋ ತನಕ ಬಿಟ್ಟೆ. ಇದನ್ನ ಬಿಡಬೇಡಿ, ಸ್ಲೇವಿನ ತಳದ ಕೊಳೆ ಹಂಗೇ ಇಟ್ಟು ರಿವರ್ಸ್ ಹೊಡೆದ್ರೆ ಆ ಕೊಳೆ ಎಲ್ಲಾ ಮಾಸ್ಟರಿಗೆ ಹೋಗಿ ಸೀಲ್ ಗೀಚುತ್ತೆ. ನಮ್ಮ ಗಾಡೀಲಿ ಕ್ಲಚ್ಚಿಗೆ ಬೇರೆಯದೇ ಪುಟ್ಟ ಡಬ್ಬಿ ಇದೆ, ಆದ್ರೆ ಈಗಿನ ಎಷ್ಟೋ ಗಾಡೀಲಿ ಬ್ರೇಕು ಕ್ಲಚ್ಚು ಎರಡಕ್ಕೂ ಒಂದೇ ರಿಸರ್ವಾಯರು, ಅಂಥದ್ರಲ್ಲಿ ಕೊಳೆ ಬ್ರೇಕ್ ಕಡೆಗೂ ಹೋಗುತ್ತೆ, ಇನ್ನೂ ಹುಷಾರಾಗಿರ್ಬೇಕು. ಆಮೇಲೆ ರಿಸರ್ವಾಯರಿಂದ ಅರ್ಧಕ್ಕಿಂತ ಜಾಸ್ತಿ ಎಳೆದು ಹಾಕಿ, ಇಲ್ಲಾಂದ್ರೆ ತುಂಬಿ ಚೆಲ್ಲುತ್ತೆ. ಸಿರಿಂಜಿಗೆ ಹೊಸ ಫ್ಲೂಯಿಡ್ ಎಳೆದು, ಮೂತಿ ಮೇಲೆ ಮಾಡಿ ತಟ್ಟಿ, ಟ್ಯೂಬ್ ತುದೀಲಿ ಫ್ಲೂಯಿಡ್ ಹನಿ ಕಾಣೋ ತನಕ ಒತ್ತಿ ಗಾಳಿ ಪೂರ್ತಿ ತೆಗೆದು, ಆಮೇಲೆ ನಿಪ್ಪಲ್ಲಿಗೆ ಹಾಕಿ. ನಿಪ್ಪಲ್ ಬಿಟ್ಟು ಮೆಲ್ಲಗೆ ಒತ್ತಿ. ಮೇಲೆ ಬಾನೆಟ್ ಹತ್ರ ನಿಂತಿದ್ದ ನನ್ನ ತಮ್ಮ ಬುಳುಕ್ ಬುಳುಕ್ ಅಂತ ಬರ್ತಿದೆ ಅಂತ ಕೂಗಿದ, ಆಮೇಲೆ ಸಣ್ಣ ಗುಳ್ಳೆ, ಆಮೇಲೆ ಏನೂ ಇಲ್ಲ. ನಿಪ್ಪಲ್ ಮುಚ್ಚಿ ಪೆಡಲ್ ಒತ್ತಿದ್ರೆ ಕಾಲಿಗೆ ಗಟ್ಟಿ ಸಿಕ್ತು. ಗನ್ ಹಿಡ್ಕೊಂಡು ಅರ್ಧ ದಿನ ಒದ್ದಾಡಿದ ಕೆಲಸ ಒಂದು ಲೋಟ ಕಾಫಿ ಆರೋದ್ರೊಳಗೆ ಆಗಿತ್ತು.

ಸಿರಿಂಜ್ ಒತ್ತೋಕೇ ಆಗ್ತಿಲ್ಲ, ಕಲ್ಲಾಗಿದೆ ಅಂತ ಅನ್ಸಿದ್ರೆ ಬಲ ಹಾಕಬೇಡಿ, ಟ್ಯೂಬ್ ಕಿತ್ಕೊಂಡು ಮುಖಕ್ಕೆ ಹಾರುತ್ತೆ. ಮೇಲೆ ಹೋಗಿ ಪೆಡಲ್ ನೋಡಿ. ಮಾಸ್ಟರ್ ಸಿಲಿಂಡರಿನಲ್ಲಿ ರಿಸರ್ವಾಯರಿಗೆ ಹೋಗೋ ಒಂದು ಸಣ್ಣ ತೂತಿದೆ, ಪೆಡಲ್ ಪೂರ್ತಿ ಮೇಲೆ ಬಂದಾಗ ಮಾತ್ರ ಅದು ತೆರೆದಿರುತ್ತೆ, ಪೆಡಲ್ ಒಂಚೂರು ಕೆಳಗಿದ್ರೂ ಪಿಸ್ಟನ್ನು ಅದನ್ನ ಮುಚ್ಚಿಬಿಡುತ್ತೆ. ಮ್ಯಾಟ್ ಮಡಚ್ಕೊಂಡು ಪೆಡಲ್ಲಿಗೆ ಅಡ್ಡ ಸಿಕ್ಕಿರ್ಬಹುದು, ಇಲ್ಲಾ ಯಾರೋ ಪುಶ್‌ರಾಡನ್ನ ಜಾಸ್ತಿ ತಿರುಗಿಸಿ ಫ್ರೀ ಪ್ಲೇ ಇಲ್ಲದ ಹಂಗೆ ಮಾಡಿರ್ಬಹುದು. ಪುಶ್‌ರಾಡಿಗೂ ಪಿಸ್ಟನ್ನಿಗೂ ಮಧ್ಯ ಒಂದಿಷ್ಟು ಆಟ ಇರ್ಲೇಬೇಕು, ಅದಿಲ್ಲ ಅಂದ್ರೆ ಬ್ಲೀಡಿಂಗ್ ಬಿಡಿ, ಓಡಿಸ್ತಾ ಓಡಿಸ್ತಾ ಒತ್ತಡ ಒಳಗೇ ಉಳಿದು ಕ್ಲಚ್ ಸ್ಲಿಪ್ ಆಗೋಕೂ ಶುರು ಆಗುತ್ತೆ.

ಸಿರಿಂಜೂ ಸಿಗದಿದ್ದೋರಿಗೆ ಇನ್ನೊಂದು ಉಪಾಯ, ಇದು ಹೊರಗಡೆ ಸ್ಲೇವ್ ಇರೋ ಗಾಡಿಗಳಿಗೆ ಮಾತ್ರ. ಲೈನ್ ಬಿಚ್ಚದೇ ಸ್ಲೇವಿನ ಎರಡು ಬೋಲ್ಟ್ ತೆಗೆದು, ಅದನ್ನ ಲೈನ್ ಕಡೆ ಮೇಲಾಗೋ ಹಾಗೆ ಹಿಡಿದು, ಪಿಸ್ಟನ್ನನ್ನ ಕೈಯಲ್ಲೇ ಒಳಗೆ ತಳ್ಳಿದ್ರೆ ಅದರೊಳಗಿನ ಗಾಳಿ ಲೈನಲ್ಲಿ ಮೇಲೇರಿ ರಿಸರ್ವಾಯರಿಗೆ ಹೋಗುತ್ತೆ, ಮೆಲ್ಲಗೆ ಬಿಟ್ಟು ಮತ್ತೆ ತಳ್ಳಿ. ಸ್ಲೇವ್ ಬಿಚ್ಚಿರೋವಾಗ ಯಾರಾದ್ರೂ ಪೆಡಲ್ ಒತ್ತಿದ್ರೆ ಪಿಸ್ಟನ್ ಹಾರಿ ಆಚೆ ಬರುತ್ತೆ, ಮಕ್ಕಳು ಮರಿ ಗಾಡಿ ಹತ್ತದ ಹಾಗೆ ಬಾಗಿಲು ಹಾಕಿ.

ಸ್ಪ್ರೇಯರ್ ವಿಷಯಾನೂ ಕೇಳ್ತಾರೆ ಜನ. ಹೂವಿನ ಗಿಡಕ್ಕೆ ಹೊಡೆಯೋ ಒಂದು ಲೀಟರ್ ಪಂಪ್ ಬಾಟ್ಲೀನ ರಿಸರ್ವಾಯರ್ ಮುಚ್ಚಳಕ್ಕೆ ಜೋಡಿಸಿ, ಇಲ್ಲಾ ಹಳೇ ಮುಚ್ಚಳಕ್ಕೆ ಪಂಚರ್ ಅಂಗಡಿಯ ಟ್ಯೂಬ್‌ಲೆಸ್ ವಾಲ್ವ್ ಹಾಕಿ ಸೈಕಲ್ ಪಂಪಲ್ಲಿ ಒತ್ತಡ ಕೊಟ್ಟು ಬ್ಲೀಡ್ ಮಾಡೋದು. ಕೆಲಸ ಮಾಡುತ್ತೆ, ನಾಲ್ಕು ಚಕ್ರದ ಬ್ರೇಕ್ ಮಾಡೋದಾದ್ರೆ ಚೆನ್ನಾಗೇ ಇದೆ, ಕ್ಲಚ್ಚಿಗೆ ಮಾತ್ರ ಇಷ್ಟು ದೊಡ್ಡ ಏರ್ಪಾಡು ಬೇಡ. 10 ಪಿಎಸ್ಐ ಸಾಕು, 15 ದಾಟಿಸಿದ್ರೆ ಹಳೇ ಪ್ಲಾಸ್ಟಿಕ್ ಡಬ್ಬಿ ಒಡೆದು ಪೇಂಟ್ ಮೇಲೆಲ್ಲಾ ಚೆಲ್ಲುತ್ತೆ. ತೋಟದಲ್ಲಿ ಬೋರ್ಡೋ ಹೊಡೆದ ಸ್ಪ್ರೇಯರ್ ಎಷ್ಟು ತೊಳೆದಿದ್ರೂ ಇದಕ್ಕೆ ಬಳಸಬೇಡಿ, ಮೈಲುತುತ್ತ ಸುಣ್ಣದ ಚೂರು ಒಂದು ಒಳಗೆ ಹೋದ್ರೂ ಸಾಕು ಸೀಲ್ ಹಾಳಾಗೋಕೆ.

ಫ್ಲೂಯಿಡ್ ಬಗ್ಗೆ. ರಿಸರ್ವಾಯರ್ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದು. ಡಾಟ್ 3 (ಬ್ರೇಕ್ ಫ್ಲೂಯಿಡ್ಡಿನ ದರ್ಜೆ) ಅಂತಿದ್ರೆ ಡಾಟ್ 4 ಹಾಕಬಹುದು, ಎರಡೂ ಗ್ಲೈಕಾಲ್ ಜಾತಿಯವೇ, ಡಾಟ್ 5 ಮಾತ್ರ ಬೇಡ, ಅದು ಸಿಲಿಕೋನು, ಇವುಗಳ ಜೊತೆ ಕೂಡಲ್ಲ. 5.1 ಅಂತ ಇರೋದು ಮತ್ತೆ ಗ್ಲೈಕಾಲೇ, ಈ ಹೆಸರಿಟ್ಟವರಿಗೆ ಏನು ಹೇಳೋಣ. ಹೊಸ ಡಾಟ್ 3 ಕುದಿಯೋದು ಕನಿಷ್ಠ 205 ಡಿಗ್ರಿಗೆ, ನೀರು ಕುಡಿದ ಮೇಲೆ ಅದೇ 140ಕ್ಕೆ ಇಳಿಯುತ್ತೆ, ಡಾಟ್ 4ಕ್ಕೆ 230 ಮತ್ತು 155. ಕ್ಲಚ್ಚು ಬ್ರೇಕಿನಷ್ಟು ಬಿಸಿಯಾಗಲ್ಲ, ಆದ್ರೂ ನೀರು ಸೇರಿದ ಫ್ಲೂಯಿಡ್ಡು ಸಿಲಿಂಡರ್ ಒಳಗೆ ತುಕ್ಕು ಹಿಡಿಸುತ್ತೆ, ತುಕ್ಕು ಸೀಲ್ ತಿನ್ನುತ್ತೆ, ಆಗ ಸೋರಿಕೆ. ನಮ್ಮ ಕಡೆ ಜೂನ್ ಜುಲೈಯಲ್ಲಿ ಹಾಸಿಗೆ ಬಟ್ಟೇನೇ ಒಣಗಲ್ಲ, ಇನ್ನು ಗಾಳೀಲಿರೋ ತೇವ ಹೀರೋ ಗುಣ ಇರೋ ಫ್ಲೂಯಿಡ್ ಡಬ್ಬಿ ಅರ್ಧ ಬಳಸಿ ಗ್ಯಾರೇಜ್ ಶೆಲ್ಫಲ್ಲಿ ಮುಂದಿನ ವರ್ಷಕ್ಕೆ ಅಂತ ಇಟ್ರೆ ಏನಾಗುತ್ತೆ ಯೋಚನೆ ಮಾಡಿ. ಕಾಲು ಲೀಟರ್ ಡಬ್ಬಿ ತಗೊಳ್ಳಿ, ಒಂದು ಗಾಡಿ ಕ್ಲಚ್ಚಿಗೆ ಸಾಕಾಗಿ ಉಳಿಯುತ್ತೆ, ಸೀಲ್ ಒಡೆದಿರೋ ಡಬ್ಬಿ ಅಂಗಡಿಯವರು ಕೊಟ್ರೆ ಬೇಡ ಅನ್ನಿ. ಐಜಿ ರೋಡ್ ಕಡೆ ನಾನು ತಗೊಂಡ ಸ್ಪೇರ್ಸ್ ಅಂಗಡೀಲಿ ಟಿವಿಎಸ್ ಗಿರ್ಲಿಂಗ್ ಇತ್ತು, ಅದನ್ನೇ ಹಾಕಿದ್ದು, ತಕರಾರಿಲ್ಲ. ಕೌಂಟರಲ್ಲಿದ್ದ ಹಿರಿಯರು ಯಾವ ಗಾಡಿ, ಬ್ರೇಕಿಗಾ ಕ್ಲಚ್ಚಿಗಾ, ಮಾಸ್ಟರ್ ನೋಡಿದ್ರಾ ಅಂತ ಕೇಳಿ ಆಮೇಲೆ ಡಬ್ಬಿ ಕೊಟ್ರು, ಇಂಥ ಅಂಗಡಿಗೆ ಐದಕ್ಕೆ ಐದು.

ಈ ಫ್ಲೂಯಿಡ್ ಪೇಂಟ್ ಮೇಲೆ ಬಿದ್ರೆ ಬಟ್ಟೇಲಿ ಒರೆಸ್ತಾ ಕೂರಬೇಡಿ, ನೀರು ಸುರೀರಿ, ನೀರಲ್ಲಿ ಕರಗುತ್ತೆ. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಅಂಗಾತ ಮಲಗಿ ಮಾಡೋ ಕೆಲಸ ಇದು, ಹನಿ ಬೀಳೋದೇ ಮುಖಕ್ಕೆ. ತೆಗೆದ ಹಳೇದನ್ನ ತೋಟದ ಹಳ್ಳಕ್ಕೆ ಚೆಲ್ಲಬೇಡಿ, ನೀರಿನ ಬಾಟ್ಲೀಲಿ ಇಡೋದಾದ್ರೆ ಮೇಲೆ ದೊಡ್ಡದಾಗಿ ವಿಷ ಅಂತ ಬರೆದಿಡಿ, ಕೆಲಸದೋರು ಯಾರಾದ್ರೂ ನೀರು ಅಂತ ಎತ್ತಿಬಿಟ್ಟಾರು. ಸೀಲ್ ಬದಲಾಯಿಸೋರು ಸಿಲಿಂಡರ್ ತೊಳೆಯೋಕೆ ಪೆಟ್ರೋಲು ಸೀಮೆಎಣ್ಣೆ ಮುಟ್ಟಿಸ್ಲೇಬೇಡಿ, ಈ ರಬ್ಬರು ಪೆಟ್ರೋಲಿಯಂ ಎಣ್ಣೆಗೆ ಉಬ್ಬಿ ಹಾಳಾಗುತ್ತೆ, ಬ್ರೇಕ್ ಫ್ಲೂಯಿಡ್ಡಲ್ಲೇ ತೊಳೀರಿ.

ಗ್ಯಾರೇಜಿಗೆ ಯಾಕೆ ಹೋಗಲಿಲ್ಲ ಅಂತ ಕೇಳಬಹುದು. ಹೋಗಿದ್ದೆ, ಈ ಹಿಂದೆ ಒಂದು ಸಲ, ಹೆಸರು ಬೇಡ. ಅಲ್ಲಿ ಹುಡುಗನ್ನ ಒಳಗೆ ಕೂರಿಸಿ ಪೆಡಲ್ ದಬದಬ ಅಂತ ತುಳಿಸಿದ್ರು, ಅಷ್ಟು ಜೋರಾಗಿ ತುಳಿದ್ರೆ ದೊಡ್ಡ ಗುಳ್ಳೆ ಒಡೆದು ನೊರೆಯಾಗುತ್ತೆ, ನೊರೆ ಆಚೆ ತರೋದು ಇನ್ನೂ ಕಷ್ಟ. ಅದಕ್ಕಿಂತ ಹೊಟ್ಟೆ ಉರಿದಿದ್ದು ಕೆಳಗೆ ಡಬ್ಬಿಗೆ ಬಿದ್ದ ಕಪ್ಪು ಫ್ಲೂಯಿಡ್‌ನ ವಾಪಸ್ ರಿಸರ್ವಾಯರಿಗೇ ಸುರಿದಿದ್ದು, ಬಿಲ್ಲಲ್ಲಿ ಹೊಸ ಡಬ್ಬಿ ದುಡ್ಡು ಇತ್ತು. ಎಲ್ಲರೂ ಹಂಗೇ ಅಂತಲ್ಲ, ಒಳ್ಳೆ ಮೆಕ್ಯಾನಿಕ್ಕುಗಳಿದಾರೆ, ನಿಂತು ನೋಡೋಕೆ ಬಿಡೋ ಕಡೆ ಹೋಗಿ ಅಷ್ಟೆ.

ಸ್ಪ್ಯಾನರ್ ಮಾತ್ರ ಮನೇಲಿ ಏನಿದೆಯೋ ಅದರಲ್ಲಿ ಸುಧಾರಿಸಬೇಡಿ. ಸರಿಯಾದ ಸೈಜಿನ ರಿಂಗ್ ಸ್ಪ್ಯಾನರ್, ನಮ್ಮದಕ್ಕೆ 10 ಎಂಎಂ ಕೂತಿತು, ಸೈಜು ಗಾಡಿಯಿಂದ ಗಾಡಿಗೆ ಬೇರೆ ಇರುತ್ತೆ. ಪಾನಾ, ಸ್ಕ್ರೂ ಸ್ಪ್ಯಾನರ್ ಹಾಕಿದ್ರೆ ತುಕ್ಕು ಹಿಡಿದ ನಿಪ್ಪಲ್ಲಿನ ಮೂಲೆ ಉರುಟಾಗುತ್ತೆ, ಆಮೇಲೆ ಸಿಲಿಂಡರೇ ಬದಲಾಯಿಸೋ ಹಂಗಾಗ್ಬಹುದು. ಹಿಂದಿನ ರಾತ್ರೀನೇ ತುಕ್ಕು ಬಿಡಿಸೋ ಡಬ್ಲ್ಯೂಡಿ 40 ಥರದ್ದು ಹೊಡೆದಿಟ್ಟು ಬೆಳಿಗ್ಗೆ ಮೆಲ್ಲಗೆ ತಟ್ಟಿ ಬಿಚ್ಚಿ. ಟ್ಯೂಬ್ ಹಾಕೋಕೆ ಮುಂಚೆ ರಿಂಗ್ ಹಾಕಿರ್ಬೇಕು, ಟ್ಯೂಬ್ ಮೇಲಿಂದ ರಿಂಗ್ ಇಳಿಯಲ್ಲ. ಮುಚ್ಚೋವಾಗ ಪೈಲ್ವಾನ್ ಶಕ್ತಿ ಬೇಡ, ಸುಮಾರು 10 ನ್ಯೂಟನ್ ಮೀಟರ್ ಸಾಕು, ಅಂದ್ರೆ ಸ್ಪ್ಯಾನರನ್ನ ಎರಡು ಬೆರಳಲ್ಲಿ ಹಿಡಿದು ಬಿಗಿ ಮಾಡಿದಷ್ಟು.

ಕೆಲಸ ಆದ್ಮೇಲೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಹತ್ತಿಸಿ ನೋಡಿದೆ, ಲಾರಿ ಹಿಂದೆ ತಿರುವಲ್ಲಿ ನಿಂತು ನಿಂತು ಫಸ್ಟಿಗೆ ಹಾಕೋವಾಗ ಎಲ್ಲೂ ಕೈ ಕೊಡಲಿಲ್ಲ. ಮನೇಲೇ ಟೆಸ್ಟ್ ಮಾಡ್ಬೇಕು ಅಂದ್ರೆ ಇಂಜಿನ್ ಐಡಲಲ್ಲಿ ಬಿಟ್ಟು, ಕ್ಲಚ್ ಪೂರ್ತಿ ಒತ್ತಿ, ಮೂರ್ನಾಲ್ಕು ಸೆಕೆಂಡ್ ತಡೆದು ರಿವರ್ಸ್ ಹಾಕಿ, ಶಬ್ದ ಇಲ್ಲದೆ ಬಿದ್ರೆ ಸರಿ ಇದೆ. ಮಾರನೇ ದಿನ ಬೆಳಿಗ್ಗೆ ಮತ್ತೆ ಇದನ್ನೇ ಮಾಡಿ, ರಾತ್ರಿ ಕಳೆದ್ಮೇಲೆ ಪೆಡಲ್ ಮತ್ತೆ ಮೆತ್ತಗಾಗಿದ್ರೆ ಎಲ್ಲೋ ಗಾಳಿ ಎಳ್ಕೊಳ್ತಿದೆ ಅಂತ.

ಯಾರು ಇದಕ್ಕೆ ಕೈ ಹಾಕಬಾರದು ಅಂದ್ರೆ, ಕಾನ್ಸೆಂಟ್ರಿಕ್ ಸ್ಲೇವ್ ಇರೋ ಗಾಡಿಯವರು, ಅಂದ್ರೆ ಸ್ಲೇವು ಬೆಲ್ ಹೌಸಿಂಗ್ (ಕ್ಲಚ್ ಕೂತಿರೋ ಕವಚ) ಒಳಗೇ ಬೇರಿಂಗ್ ಜೊತೆ ಸೇರಿರೋದು. ಅದರಲ್ಲೂ ಬ್ಲೀಡ್ ನಿಪ್ಪಲ್ ಹೊರಗೇ ಇರುತ್ತೆ, ಗಾಳಿ ತೆಗೆಯೋದು ಆಗುತ್ತೆ, ಆದ್ರೆ ಸೋರಿಕೆ ಇದ್ರೆ ಗೇರ್‌ಬಾಕ್ಸ್ ಇಳಿಸದೆ ಏನೂ ಮಾಡೋಕಾಗಲ್ಲ. ಗೇರ್‌ಬಾಕ್ಸೂ ಇಂಜಿನ್ನೂ ಸೇರೋ ಜಾಗದ ಅಡಿಯಲ್ಲಿ ಒದ್ದೆ ಕಂಡ್ರೆ ಮೂಸಿ ನೋಡಿ, ಇಂಜಿನ್ ಆಯಿಲ್ ವಾಸನೆ ಬಂದ್ರೆ ಕ್ರ್ಯಾಂಕ್ ಸೀಲು, ಬ್ರೇಕ್ ಫ್ಲೂಯಿಡ್ ವಾಸನೆ ಬಂದ್ರೆ ಸ್ಲೇವು. ಎರಡಕ್ಕೂ ಗೇರ್‌ಬಾಕ್ಸ್ ಇಳಿಯುತ್ತೆ, ಇಳಿಸೋವಾಗ ಕ್ಲಚ್ ಪ್ಲೇಟೂ ನೋಡಿಸ್ಬಿಡಿ, ಎರಡು ಸಲ ಲೇಬರ್ ಕೊಡೋದ್ಯಾಕೆ.

ನಿಪ್ಪಲ್ ಮೇಲಿನ ಪುಟ್ಟ ರಬ್ಬರ್ ಟೋಪಿ ಹಳೇ ಗಾಡಿಗಳಲ್ಲಿ ಕಳೆದೇ ಹೋಗಿರುತ್ತೆ, ಅದಿಲ್ಲದಿದ್ರೆ ತೂತಿಗೆ ಮಣ್ಣು ನೀರು ಸೇರಿ ಮುಂದಿನ ಸಲ ಬಿಚ್ಚೋಕೆ ಆಗಲ್ಲ. ಕಾರಿನ ಸ್ಪೇರ್ ಅಂಗಡೀಲಿ ಅದೊಂದನ್ನೇ ಬಿಡಿಯಾಗಿ ಕೊಡಲಿಲ್ಲ ಅಂದ್ರೆ ಬೈಕ್ ಸ್ಪೇರ್ಸಲ್ಲಿ ಡಿಸ್ಕ್ ಬ್ರೇಕ್ ಕ್ಯಾಲಿಪರ್ ನಿಪ್ಪಲ್ ಕ್ಯಾಪ್ ಅಂತ ಕೇಳಿ, ನಮ್ಮದಕ್ಕೆ ಅದೇ ಸರಿಯಾಗಿ ಕೂತಿದೆ.